ಮ್ಯಾಲ ಎಡಕ ಒಂದು, ಎರಡು

ಬೈಲಹೊಂಗಲದ ನಮ್ಮ ಮನೆಯ ಕಪಾಟಿನಲ್ಲಿ ನನ್ನ ಅಕ್ಕನ ಹಲ್ಲುಗಳ ಅಚ್ಚು ಇತ್ತು. ಬಿಳಿ ಪ್ಲಾಸ್ಟರಿನದು, ಮೇಲಿನ ಸಾಲು ಮಾತ್ರ. ಗಾಜಿನ ಬಾಗಿಲಿನ ಆ ಕಪಾಟು ಪಡಸಾಲೆಯಲ್ಲಿತ್ತು. ಕಸ ಹೊಡೆಯುವಾಗ, ನೀರಿಗೆ ಹೋಗುವಾಗ, ಬಂದವರಿಗೆ ಮಜ್ಜಿಗೆ ಕೊಡುವಾಗ ನಾನು ಅದರ ಮುಂದೆಯೇ ಹಾದುಹೋಗಬೇಕು. ಅಕ್ಕ ರಾಮದುರ್ಗದಲ್ಲಿ ತನ್ನ ಗಂಡನ ಮನೆಯಲ್ಲಿ ಹಾಯಾಗಿದ್ದಳು. ಅವಳ ನಗೆ ಮಾತ್ರ ನನ್ನ ಮನೆಯಲ್ಲಿ ಠಿಕಾಣಿ ಹೂಡಿತ್ತು.

ನಮ್ಮವರು ಹಲ್ಲಿನ ವೈದ್ಯರು. ಆಗ ನಮ್ಮ ಕಡೆ ಹಾಗೆಂದರೆ ಜನ ನಗುತ್ತಿದ್ದರು. ಹಲ್ಲು ನೋವಾದರೆ ಲವಂಗ ಇಟ್ಟುಕೊಳ್ಳಬೇಕು, ಅದಕ್ಕೂ ಜಗ್ಗದಿದ್ದರೆ ಕ್ಷೌರದವನ ಮುಂದೆ ಕೂತು ಕೀಳಿಸಿಕೊಳ್ಳಬೇಕು. ಇದಕ್ಕೂ ಒಬ್ಬ ಡಾಕ್ಟರು ಬೇಕೇ? ಇವರು ಪುಣೆಯಲ್ಲಿ ಒಬ್ಬ ಸಾಹೇಬನ ದವಾಖಾನೆಯಲ್ಲಿ ವರ್ಷಗಟ್ಟಲೆ ದುಡಿದು, ಹಲ್ಲು ಕೀಳುವುದು, ತುಂಬುವುದು, ಹೊಸ ಹಲ್ಲು ಕಟ್ಟುವುದು ಎಲ್ಲ ಕಲಿತು ಬಂದಿದ್ದರು. ಬರುವಾಗ ತಲೆ ಹಿಂದಕ್ಕೆ ವಾಲಿಸುವ ಒಂದು ಖುರ್ಚಿ, ಹಲ್ಲು ಕೊರೆಯಲು ಕಾಲಿನಿಂದ ತುಳಿದು ತಿರುಗಿಸುವ ಒಂದು ಗಾಲಿ, ಹತ್ತಾರು ಇಕ್ಕಳ ತಂದಿದ್ದರು. ಅವರಿಗೆ ಜನರ ಮುಖ ನೆನಪಿರುತ್ತಿರಲಿಲ್ಲ. ಪ್ಯಾಟೆಯಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ಪಿಳಿಪಿಳಿ ನೋಡುತ್ತಿದ್ದರು. ಆ ಮನುಷ್ಯ ಬಾಯಿ ತೆರೆದು ಮಾತಾಡಿದರೆ ಸಾಕು, ಹಲ್ಲು ಕಂಡು "ಓಹೋ, ನೀವಾ!" ಎನ್ನುತ್ತಿದ್ದರು.

ಅಕ್ಕ ನಾನು ಇಬ್ಬರೂ ಹುಟ್ಟಿ ಬೆಳೆದದ್ದು ಕಿತ್ತೂರಿನಲ್ಲಿ. ಅಪ್ಪ ಸಾಲಿ ಮಾಸ್ತರರು. ಹೆಣ್ಣುಮಕ್ಕಳಿಗೂ ಪಾಟಿ ಹಿಡಿಸಿ ಅಕ್ಷರ ಕಲಿಸಿದರು, ಅದರಲ್ಲಿ ನಾನೇ ಮುಂದು. ಆದರೆ ಮನೆಗೆ ಬಂದವರು ನನ್ನ ಅಕ್ಷರ ನೋಡಲಿಲ್ಲ, ಅಕ್ಕನ ಹಲ್ಲು ನೋಡಿದರು. "ಏನ್ ಹಲ್ಲವ್ವಾ ನಿನ್ನ ಮಗಳದು, ಸಾಲಾಗಿ ಮಲ್ಲಿಗಿ ಮೊಗ್ಗಿ ಪೋಣಿಸಿಧಂಗ" ಅನ್ನುವುದು, ಅವ್ವ ಸೆರಗು ಸರಿಮಾಡಿಕೊಂಡು ಹಿಗ್ಗುವುದು. ನನಗೆ ಮೇಲ್ಗಡೆ ಬಲಕ್ಕೆ ಒಂದು ಕೋರೆಹಲ್ಲು ಸಾಲು ಬಿಟ್ಟು ಮುಂದೆ ಬಂದು ನಿಂತಿತ್ತು. ಗಂಡಿನ ಕಡೆಯವರು ಬರುವ ದಿನ ಅವ್ವ ನನ್ನ ಗದ್ದ ಹಿಡಿದು, "ಕೇಳಿದ್ದಕ್ಕ ಉತ್ತರ ಕೊಡು, ನಗಬ್ಯಾಡ" ಎಂದು ತಾಕೀತು ಮಾಡಿದ್ದಳು. ನಾನು ತುಟಿ ಬಿಗಿದು ಕೂತೆ. ಹಾಗಿದ್ದರೂ ನೋಡಲು ಬಂದಾತ ನನ್ನ ತುಟಿಯ ಬಲಗಡೆಯ ಉಬ್ಬನ್ನೇ ನೋಡುತ್ತಿದ್ದ. ಮದುವೆಯಾದ ಮೇಲೆ ಅವರನ್ನೇ ಕೇಳಿದೆ, ಅವತ್ತು ಏನು ನೋಡುತ್ತಿದ್ದಿರಿ ಎಂದು. "ಮ್ಯಾಲ ಬಲಕ ಮೂರು ಹೊರಗ ಬಂದದ. ತುಟಿ ಮುಚ್ಚಿದ್ರೂ ಗೊತ್ತಾಗ್ತದ" ಎಂದರು. ಮೂರು ಎಂದರೇನು, ಯಾವುದರ ಮೂರು, ನನಗೆ ತಿಳಿಯಲಿಲ್ಲ. ಕುಂದು ಎಣಿಸಿಟ್ಟುಕೊಂಡಿದ್ದಾರೆ ಎಂದಷ್ಟೇ ತಿಳಿದುಕೊಂಡೆ.

ನನ್ನ ಮಗಳು ತೊಟ್ಟಿಲಲ್ಲಿದ್ದ ವರ್ಷ ಅಕ್ಕ ಗಲ್ಲ ಊದಿಸಿಕೊಂಡು ಬೈಲಹೊಂಗಲಕ್ಕೆ ಬಂದಳು. ಅಷ್ಟು ಚಂದದ ಬಾಯಲ್ಲೂ ಹುಳುಕು ಇರುತ್ತದೆ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ನಮ್ಮವರು ಅವಳನ್ನು ಖುರ್ಚಿಯಲ್ಲಿ ಕೂರಿಸಿ, ಚಿಕ್ಕ ಕನ್ನಡಿ ಬಾಯೊಳಗಿಟ್ಟು ನೋಡಿದರು.

"ಅಕ್ಕಾರ, ಕೆಳಗ ಬಲಕ ಆರು. ಕೀಳೂದು ಬ್ಯಾಡ, ತುಂಬಿದ್ರ ಉಳೀತದ."

"ಆರು ಅಂದ್ರ? ಆರು ಹಲ್ಲು ಹಾಳಾಗ್ಯಾವೇನ್ರಿ?" ಅಕ್ಕ ಗಾಬರಿಯಾದಳು.

ಅವರು ನಕ್ಕು, ಪಾಟಿ ತರಿಸಿದರು. ತಂದುಕೊಟ್ಟವಳು ನಾನೇ. ಪಾಟಿಯ ಮೇಲೆ ಒಂದು ಅಡ್ಡಗೆರೆ, ನಟ್ಟನಡುವೆ ಒಂದು ಉದ್ದಗೆರೆ ಎಳೆದರು. "ಈ ಅಡ್ಡಗೆರಿ ಅಂದ್ರ ನೀವು ಬಾಯಿ ಮುಚ್ಚಿದಾಗ ಮ್ಯಾಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವ ಬರೂದು. ಉದ್ದಗೆರಿ ಮೂಗಿನಿಂದ ಗದ್ದದ ತನಕ. ಬಾಯಿ ನಾಕು ಪಾಲಾತು ನೋಡ್ರಿ. ಈಗ ನಡುಗೆರಿಯಿಂದ ಹೊರಗ ಎಣಿಸ್ರಿ. ಒಂದು, ಎರಡು ಬಾಚಿಹಲ್ಲು. ಮೂರು ಕೋರೆಹಲ್ಲು. ನಾಕು, ಐದು ಸಣ್ಣ ದವಡಿ. ಆರು, ಏಳು ದೊಡ್ಡವು. ಎಂಟು ಬುದ್ಧಿಹಲ್ಲು. ನಾಕೂ ಪಾಲಿನ್ಯಾಗ ಹಿಂಗ. ಎಂಟರ ತನಕ ಎಣಿಸಾಕ ಬಂದ್ರ ಸಾಕು, ಬಾಯಾಗಿನ ಎಲ್ಲಾ ಹಲ್ಲಿನ ಹೆಸರು ಬಂಧಂಗ."

ಆರು ಎಂದು ಬರೆದು ಅದರ ಒಂದು ಬದಿಗೂ ಮೇಲಕ್ಕೂ ಗೆರೆ ಹಾಕಿದರು, ಗೋಡೆಯ ಮೂಲೆ ಕೂಡಿದ ಹಾಗೆ. "ಈ ಮೂಲಿ ನೋಡಿದ ಕೂಡ್ಲೆ ಯಾವ ಪಾಲು ಅಂತ ತಿಳೀತದ. ಪುಣೆದಾಗ ಬರದದ್ದು ಮುಂಬಯಿದಾಗ ಓದ್ತಾರ."

ಅಕ್ಕ ಆ ಪಾಟಿಯನ್ನು ಮಡಿಲಲ್ಲಿಟ್ಟುಕೊಂಡು ಒಂದೇ ಮಧ್ಯಾಹ್ನದಲ್ಲಿ ಎಲ್ಲ ಕಲಿತುಬಿಟ್ಟಳು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಿಂದ ಮಾತು ಕೇಳುತ್ತಿತ್ತು.

"ಹೇಳ್ರಿ ಅಕ್ಕಾರ, ಇದು?"

"ಮ್ಯಾಲ ಎಡಕ ನಾಕು."

"ಶಾಭಾಸ್! ಇದು?"

"ಕೆಳಗ ಎಡಕ ಎರಡು. ಹೌದಲ್ರಿ?"

ಆಮೇಲೆ ಇಬ್ಬರೂ ನಗುವುದು. ತುಂಬಿದ ಹಲ್ಲು ಗಟ್ಟಿಯಾಗುವ ತನಕ ಅಕ್ಕ ನಮ್ಮಲ್ಲೇ ಉಳಿದಳು. ಊಟಕ್ಕೆ ಕೂತರೆ ಇವರು, "ಕೆಳಗ ಬಲಕ ಆರು ಏನಂತೈತ್ರಿ?" ಎನ್ನುವರು. ಅಕ್ಕ, "ತಣ್ಣಗ ಕುಂತೈತ್ರಿ, ಅದರ ಮಗ್ಗಲದ ಏಳು ಮಾತ್ರ ಹೊಟ್ಟಿಕಿಚ್ಚು ಪಡಾಕ ಹತ್ತೈತಿ" ಎನ್ನುವಳು. ಮತ್ತೆ ನಗು. ಬಡಿಸುತ್ತಿದ್ದ ನನಗೆ ಕೈಯಲ್ಲಿನ ಸೌಟು ಭಾರವಾಗುತ್ತಿತ್ತು. ನನ್ನ ಗಂಡ, ನನ್ನ ಒಡಹುಟ್ಟಿದವಳು, ನನ್ನ ಮನೆಯ ಅಡುಗೆ. ಭಾಷೆ ಮಾತ್ರ ನನ್ನದಲ್ಲ.

ಅವಳು ಹೊರಡುವ ಹಿಂದಿನ ದಿನ ಆ ಅಚ್ಚು ತೆಗೆದರು. "ಮ್ಯಾಲಿನ ಸಾಲು ಪುಸ್ತಕದಾಗಿನ ಚಿತ್ರ ಇದ್ಧಂಗ ಐತಿ. ನನಗ ಹಲ್ಲು ಕಟ್ಟಾಕ ಒಂದು ಮಾದರಿ ಬೇಕು" ಎಂದು ಕೇಳಿಕೊಂಡರು. ಅಕ್ಕ ಗಂಭೀರವಾಗಿ ಬಾಯಿ ತೆರೆದು ಕೂತಳು. ನಾನು ಬಿಸಿನೀರು ಹಿಡಿದು ನಿಂತೆ. ಅಚ್ಚನ್ನು ಬೆಳಕಿಗೆ ಹಿಡಿದು ಅವರು ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಮಗಳು ಹುಟ್ಟಿದಾಗ ಎತ್ತಿಕೊಂಡು ನೋಡಿದ್ದರಲ್ಲ, ಅದೇ ರೀತಿ.

ಅಲ್ಲಿಂದ ಮುಂದೆ ಬಂದ ಕಷ್ಟ ಬೇರೆ. ಇವರು ಯಾರಿಗೆ ಹಲ್ಲು ಕಟ್ಟಿದರೂ ಜೋಡಣೆ ಅಕ್ಕನದೇ. ಅಂಗಡಿಯ ಯಜಮಾನರು, ಇನಾಮದಾರರ ವಿಧವೆ ಅತ್ತೆ, ನಿವೃತ್ತ ಫೌಜದಾರರು, ಎಲ್ಲರ ಬಾಯಲ್ಲೂ ಅಕ್ಕನ ಸಾಲು ಬಂದು ಕೂತಿತು. ಮುರಗೋಡದ ಒಂದು ಮದುವೆಗೆ ಹೋಗಿದ್ದೆವು. ಬಿಳಿಮೀಸೆಯ ಒಬ್ಬ ಹತ್ತಿ ವ್ಯಾಪಾರಿ ಹಂದರದಲ್ಲಿ ಕೂತು ಬೀಗರ ಚೇಷ್ಟೆಗೆ ಗಹಗಹಿಸಿ ನಕ್ಕರು. ನನ್ನ ಕೈಯಲ್ಲಿದ್ದ ಅಕ್ಷತೆ ಹಾಗೆಯೇ ಉಳಿಯಿತು. ಆ ಮೀಸೆಯ ಕೆಳಗೆ ನಗುತ್ತಿದ್ದವಳು ನನ್ನ ಅಕ್ಕ.

ಮನೆಗೆ ಬಂದು ಅತ್ತೆಯ ಮುಂದೆ ಹೇಳಿಕೊಂಡೆ. ಅವರು ಅಡಿಕೆ ಕುಟ್ಟುತ್ತಿದ್ದರು. "ಆಕೀನ ಹಲ್ಲು ಊರಾಗೆಲ್ಲಾ ಆದ್ರ ನಿನಗೇನ್ ಕಡಿತಾವ?" ಎಂದರು. ಒಂದು ಚೂರು ಬಾಯಿಗೆ ಹಾಕಿಕೊಂಡು, "ಅಂವ ಮಾತಾಡೂ ಮಾತು ನಿನಗ ತಿಳಿಯೂದಿಲ್ಲಂತ ನಿನ್ನ ಸಂಕಟ. ಕಲೀಬಾರದು ಅಂತ ಯಾರ್ ಹೇಳ್ಯಾರ?" ಎಂದು ಮತ್ತೆ ಕುಟ್ಟತೊಡಗಿದರು.

ಗಂಡನನ್ನು ಕೇಳಲು ಮನಸ್ಸು ಒಪ್ಪಲಿಲ್ಲ. ಅವರು ಸವದತ್ತಿಯ ಸಂತೆಯಲ್ಲಿ ಹಲ್ಲು ನೋಡಲೆಂದು ಪೆಟ್ಟಿಗೆ ಕಟ್ಟಿಕೊಂಡು ಹೋದ ದಿನ ಕಪಾಟು ತೆಗೆದು ಅಚ್ಚನ್ನು ಮುಂದಿಟ್ಟುಕೊಂಡೆ. ಪಾಟಿಯಲ್ಲಿ ಗೆರೆ ಎಳೆದು ಎಣಿಸಿದೆ. ಮರುದಿನ ಅವರು ಬಂದಾಗ, ಖುರ್ಚಿಯಲ್ಲಿ ಕೂತಿದ್ದ ಒಬ್ಬ ಮುದುಕನ ಬಾಯಿ ಇಣುಕಿ ನೋಡಿ, "ಮ್ಯಾಲ ಎಡಕ ಐದು ಹೋಗೈತಿ" ಎಂದೆ.

ನಮ್ಮವರು ಬೆರಗಾಗಿ ತಿರುಗಿದರು. ಆಮೇಲೆ ನಕ್ಕರು. "ಎಣಿಕಿ ಬರೊಬ್ಬರಿ. ಪಾಲು ತಪ್ಪು. ಅದು ನಿನ್ನ ಎಡ. ಯಾರ ಬಾಯಿ ನೋಡತೀವೋ ಅವರ ಎಡ ಹಿಡೀಬೇಕು. ಅಕ್ಕಾರು ಮೊದಲನೇ ದಿನಾನ ಹಿಡದ್ರು ಇದನ್ನ."

ಆ ಕೊನೆಯ ಮಾತು ಇರದಿದ್ದರೆ ನಾನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆನೇನೋ. ಅಕ್ಕನಿಗೆ ತನ್ನದೇ ಬಾಯಿ, ಅವಳ ಎಡವೇ ಎಡ, ತಪ್ಪುವುದಾದರೂ ಹೇಗೆ? ನಾನೂ ನನ್ನ ಬಾಯಿಂದಲೇ ಶುರುಮಾಡಿದೆ. ರೊಟ್ಟಿ ಬಡಿಯುವಾಗ, ಕೂಸಿಗೆ ಎಣ್ಣೆ ಹಚ್ಚುವಾಗ ನಾಲಗೆಯ ತುದಿಯಿಂದ ಒಂದೊಂದೇ ಹಲ್ಲು ಮುಟ್ಟಿ ಹೆಸರು ಹೇಳಿಕೊಂಡೆ. ಬಲಕ್ಕೆ ಮೂರು ಬಂದಾಗ ನಾಲಗೆ ಎಡವುತ್ತಿತ್ತು. ಎದುರಿಗೆ ಯಾರೇ ಕೂತರೂ ಮನಸ್ಸಿನಲ್ಲೇ ಎದ್ದು ಅವರ ಮಗ್ಗುಲಿಗೆ ಹೋಗಿ, ಅವರು ನೋಡುವ ದಿಕ್ಕಿಗೇ ಮುಖ ಮಾಡಿ ಕೂರುತ್ತಿದ್ದೆ. ಹಾಗೆ ಮಾಡಿದರೆ ಎಡಬಲ ತಪ್ಪುತ್ತಿರಲಿಲ್ಲ. ನೆರೆಮನೆಯವಳು ಚಾಡಿ ಹೇಳಲು ಬಂದರೆ ನಾನು ಚಾಡಿ ಕೇಳದೆ ಹಲ್ಲು ಎಣಿಸುತ್ತಿದ್ದೆ.

ಮಗಳಿಗೆ ಹಾಲುಹಲ್ಲು ಬಂದಾಗ ಹೊಸ ತೊಡಕು. ಹಾಲುಹಲ್ಲಿಗೆ ಅಂಕಿ ಇಲ್ಲವಂತೆ, ಇಂಗ್ಲಿಷ್ ಅಕ್ಷರವಂತೆ, ಒಂದೊಂದು ಪಾಲಿಗೆ ಐದು. ನನಗೆ ಇಂಗ್ಲಿಷ್ ಬಾರದು. ನಾನು ಅ, ಆ, ಇ, ಈ, ಉ ಎಂದು ಇಟ್ಟುಕೊಂಡೆ. "ಕೆಳಗ ಎಡಕ ಅ ಬಂತು ನೋಡ್ರಿ" ಎಂದಾಗ ಅವರು, "ಪುಣೆ ಸಾಹೇಬ ಕೇಳಿದ್ರ ತಲಿ ಕೆಡಿಸ್ಕೊಂತಾನ" ಎಂದರು. ಆದರೆ ಆಮೇಲೆ ಮಕ್ಕಳನ್ನು ಕರೆತಂದ ತಾಯಂದಿರಿಗೆ ತಾವೂ ಹಾಗೆಯೇ ಹೇಳತೊಡಗಿದರು. ಇದು ಅಕ್ಕನಿಗೆ ಗೊತ್ತಿಲ್ಲದ ಮಾತು. ನನಗೆ ಬಹಳ ದಿನ ಆ ಸಂತೋಷವೇ ಸಾಕಾಗಿತ್ತು.

ಒಂದು ನಾಗರಪಂಚಮಿಗೆ ಅಕ್ಕ, ನಾನು ಇಬ್ಬರೂ ತವರಿಗೆ ಹೋಗಿದ್ದೆವು. ಕಿತ್ತೂರಿನ ನಮ್ಮ ಹಿತ್ತಲಿನ ಬೇವಿನ ಮರಕ್ಕೆ ಅಪ್ಪ ಜೋಕಾಲಿ ಕಟ್ಟಿಸಿದ್ದರು. ಅಕ್ಕನಿಗೆ ಎರಡು ಮಕ್ಕಳಾಗಿದ್ದರೂ ಜೋಕಾಲಿ ಕಂಡರೆ ಹದಿನಾರರ ಹುಡುಗಿ. ಹಲಗೆಯ ಮೇಲೆ ನಿಂತು ಜೀಕಿದಳು. ಓಣಿಯ ಹೆಂಗಸರೆಲ್ಲ "ಇನ್ನಷ್ಟು ಮ್ಯಾಲ, ಇನ್ನಷ್ಟು ಮ್ಯಾಲ" ಎಂದು ಹುರಿದುಂಬಿಸಿದರು. ಮೇಲೆ ಟೊಂಗೆಯ ಎಲೆ ಕಚ್ಚಿ ತರುತ್ತೇನೆಂದು ಕತ್ತು ಚಾಚಿದ ಹೊತ್ತಿಗೆ ಕಾಲು ಜಾರಿತು. ಬಿದ್ದವಳು ಏಳುವಷ್ಟರಲ್ಲಿ ಹಲಗೆ ತಿರುಗಿ ಬಂದು ಬಾಯಿಗೆ ಬಡಿಯಿತು.

ರಕ್ತ ತೊಳೆದು ನೋಡಿದಾಗ ಮುಂದಿನ ಒಂದು ಹಲ್ಲು ಇರಲೇ ಇಲ್ಲ, ಪಕ್ಕದ್ದು ಅರ್ಧ ಮುರಿದಿತ್ತು. ಅವ್ವ ಎದೆ ಬಡಿದುಕೊಂಡು ಅತ್ತಳು. ಅಪ್ಪ ಜೋಕಾಲಿ ಬಿಚ್ಚಿಸಿದರು. ಓಣಿಯವರು ಹಳಹಳಿಸಿದರು. ಅಂಥ ಹೊತ್ತಿನಲ್ಲೂ ನನ್ನ ಮನಸ್ಸಿಗೆ ಬಂದದ್ದನ್ನು ಬರೆಯುತ್ತೇನೆ: ನನ್ನ ಹಲ್ಲು ಮುರಿದಿದ್ದರೆ ಓಣಿ ಹೀಗೆ ಮರುಗುತ್ತಿತ್ತೇ?

ಅಕ್ಕ ಒಳಕೋಣೆ ಸೇರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಹೋದಾಗ ಕೈ ಹಿಡಿದುಕೊಂಡಳು.

"ಐತವಾರ ನಮ್ಮತ್ತಿ ಕರಿಯಾಕ ಬರ್ತಾರ. ಹಿಂಗ ನೋಡಿದ್ರ ಏನಂತಾರ? ಪಂಚಮಿಗೆ ಹೋಗಿ ಹಲ್ಲು ಮುರಕೊಂಡು ಬಂದ್ಳು ಅಂತ ಊರೆಲ್ಲಾ ಆಡ್ಕೋತಾರ. ನಿನ್ನ ಗಂಡಗ ಹೇಳಿ ಕಳಸು. ಆದ್ರ ಚೀಟಿ ಬರೀಬ್ಯಾಡ, ದಾರ್ಯಾಗ ಯಾರರೆ ಓದ್ಯಾರು."

ತೊದಲುತ್ತಿದ್ದಳು. ಅವಳ ಮಾತಿನೊಳಗೆ ಗಾಳಿ ನುಗ್ಗುತ್ತಿತ್ತು. ನಾನು ದೀಪ ತರಿಸಿ, ಬಾಯಿ ತೆರೆಸಿ ನೋಡಿದೆ. ಆಮೇಲೆ ಎದ್ದು ಅವಳ ಮಗ್ಗುಲಿಗೆ ಕೂತು, ಅವಳು ನೋಡುತ್ತಿದ್ದ ಗೋಡೆಗೇ ಮುಖ ಮಾಡಿ, ನನ್ನ ಹಲ್ಲನ್ನು ಮುಟ್ಟಿ ನೋಡಿಕೊಂಡೆ. ಮೇಲೆ, ಎಡಕ್ಕೆ. ಒಂದು ಹೋಗಿದೆ, ಎರಡು ಮುರಿದಿದೆ.

ಜೋಳದ ಚೀಲ ಹೇರಿಕೊಂಡು ಬೈಲಹೊಂಗಲಕ್ಕೆ ಹೊರಟಿದ್ದ ಗಾಡಿಯವನೊಬ್ಬ ಅಪ್ಪನಿಗೆ ಬೇಕಾದವನು. ಅವನನ್ನು ಕರೆಸಿದೆ.

"ನಮ್ಮ ಮನಿಗೆ ಹೋಗಿ ಡಾಕ್ಟರಿಗೆ ಇಷ್ಟ ಹೇಳಪಾ: ಕಪಾಟಿನ್ಯಾಗಿಂದು, ಮ್ಯಾಲ ಎಡಕ ಒಂದು, ಎರಡು. ಒಂದು ಬುಡಸಹಿತ ಹೋಗೈತಿ, ಎರಡು ಅರ್ಧ ಐತಿ. ಐತವಾರದೊಳಗ ಬೇಕು."

"ಕಪಾಟಿನ್ಯಾಗಿನ ಏನು ತಾಯಿ? ಬಾಟ್ಲಿನೋ ಡಬ್ಬಿನೋ?"

"ಅವರಿಗೆ ತಿಳೀತದ. ನೀ ಮಾತು ಹಿಂದಮುಂದ ಮಾಡಬ್ಯಾಡ ಅಷ್ಟ."

"ಮ್ಯಾಲ ಎಡಕ ಒಂದು, ಎರಡು" ಎಂದು ಹೇಳಿಕೊಳ್ಳುತ್ತಾ ಎತ್ತಿನ ಬೆನ್ನು ತಟ್ಟಿದ. ಗಾಡಿ ಓಣಿ ತಿರುಗುವ ತನಕ ಅವನ ದನಿ ಕೇಳುತ್ತಿತ್ತು. ಅಕ್ಕನ ಮಾನ ಅವನ ಬಾಯಲ್ಲಿ ಕೂತು ಹೊರಟಿತ್ತು, ಅವನಿಗೇ ಗೊತ್ತಿಲ್ಲದೆ. ನನಗೋ ಇನ್ನೊಂದು ಚಿಂತೆ. ಗಂಡನಿಗೆ ಅವರ ಭಾಷೆಯಲ್ಲಿ ನಾನು ಕಳಿಸಿದ ಮೊದಲ ಮಾತು ಇದು, ಅದೂ ಅಕ್ಕನ ಬಾಯಿಯ ಸುದ್ದಿಯೇ ಆಗಬೇಕಿತ್ತೇ?

ಶನಿವಾರ ಸಂಜೆ ನಮ್ಮವರು ಬಂದಿಳಿದರು. ಮುಖ ನಿದ್ದೆಗೆಟ್ಟು ಬಾಡಿತ್ತು. ಪೆಟ್ಟಿಗೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದನ್ನು ತೆಗೆದರು. ಅಂಗುಳಿಗೆ ಕೂರುವ ಕೆಂಪು ರಬ್ಬರಿನ ಪಟ್ಟಿ, ಅದರ ಮುಂದಂಚಿನಲ್ಲಿ ಎರಡೇ ಎರಡು ಹಲ್ಲು. ಕಪಾಟಿನ ಅಚ್ಚಿನ ಮೇಲೆಯೇ ಅಳತೆ ಹಿಡಿದು ಮಾಡಿದ್ದರು. ಮುರಿದ ಹಲ್ಲಿನ ಬುಡ ತೆಗೆಯುವಾಗ ಅಕ್ಕ ನನ್ನ ಮುಂಗೈಗೆ ಉಗುರೂರಿದಳು. ರಕ್ತ ನಿಂತ ಮೇಲೆ ಪಟ್ಟಿಯನ್ನು ಮೆಲ್ಲಗೆ ಒತ್ತಿ ಕೂರಿಸಿದರು. ಕಟಕ್ಕೆಂದು ಕೂತಿತು.

"ಮಾತಾಡ್ರಿ ಅಕ್ಕಾರ."

"ಏನ್ ಮಾತಾಡ್ಲಿ?" ಎಂದಳು. ಗಾಳಿ ನುಗ್ಗಲಿಲ್ಲ.

ಅವರು ಅವಳ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ಆಚೆ ನೋಡಿದರು, ಈಚೆ ನೋಡಿದರು. ಕನ್ನಡಿ ಹಿಡಿದು ನಿಂತವಳು ನಾನು. ಕನ್ನಡಿಯೊಳಗೆ ಅಕ್ಕ ಮೊದಲಿನಷ್ಟೇ ಚಂದ ನಕ್ಕಳು. ಬಿದ್ದು ಹಲ್ಲು ಮುರಿದುಕೊಂಡರೂ ಇವಳಿಗೆ ಇವಳ ಹಲ್ಲೇ ತಿರುಗಿ ಸಿಗುತ್ತದೆ! ಅಕ್ಕ ನನ್ನ ಕುತ್ತಿಗೆಗೆ ಜೋತುಬಿದ್ದು ಅತ್ತಾಗ ನಾನೂ ಅತ್ತೆ. ಯಾವುದಕ್ಕೆ ಎಷ್ಟು ಅತ್ತೆನೋ ವಿಂಗಡಿಸಲು ಬಾರದು.

ಐತವಾರ ಅವಳ ಅತ್ತೆ ಬಂದರು, ಉಂಡಿ ಚಕ್ಕುಲಿ ಕಟ್ಟಿಸಿಕೊಂಡರು, ಸೊಸೆಯನ್ನು ಕರೆದುಕೊಂಡು ಹೋದರು. "ಯಾಕವ್ವಾ, ತುಟಿ ಬಾತಂಗ ಕಾಣ್ತದ" ಎಂದದ್ದಕ್ಕೆ, "ಜೇನುಹುಳ ಕಡೀತ್ರಿ" ಎಂದಳಂತೆ. ಮುಂದೆ ಗಂಡನಿಗೆ ಅವಳೇ ನಿಜ ಹೇಳಿದಳು. "ಚಲೋ ಆತು, ಇನ್ನರೆ ನನ್ನ ಮ್ಯಾಲ ಹಲ್ಲು ಕಡಿಯೂದು ಕಡಿಮಿ ಮಾಡ್ತಿ" ಎಂದು ಅವರು ನಕ್ಕುಬಿಟ್ಟರಂತೆ.

ಬೈಲಹೊಂಗಲಕ್ಕೆ ಹಿಂತಿರುಗುವಾಗ ಗಾಡಿಯಲ್ಲಿ ನಮ್ಮವರು ಪೆಟ್ಟಿಗೆ ಸರಿಸಿ ನನ್ನ ಪಕ್ಕಕ್ಕೆ ಬಂದು ಕೂತರು. ಆಮೇಲೆ, "ಗಾಡಿಯಂವ ಬಂದು ಹೇಳಿದಾಗ ಒಂದು ಅಂಜಿಕಿ ಬಂತು. ಎಡ ಅಂದ್ರ ಯಾರ ಎಡ ಅಂತ. ಬಲಕಿನ ಎರಡು ಹಲ್ಲೂ ತಗದು ಇಟ್ಕೊಂಡೆ. ಆದ್ರ ಕಳಿಸಿದಾಕಿ ನೀನು, ನೀ ಈಗ ತಪ್ಪೂದಿಲ್ಲ ಅಂತ ಅವನ್ನ ತಿರುಗಿ ಡಬ್ಬಿಗೆ ಹಾಕಿದೆ" ಎಂದರು. ನಾನು ಹೊರಗೆ ಹೊಲದ ಕಡೆ ಮುಖ ಮಾಡಿದೆ. ಬಾಯಿ ಮುಚ್ಚದೆ ನಕ್ಕೆ. ಬಲಕ್ಕೆ ಮೂರು ಕಂಡರೆ ಕಾಣಲಿ.

ಸವದತ್ತಿಗೆ ಅವರು ಸಂತೆಯ ದಿನ ಹೋಗುತ್ತಿದ್ದರಲ್ಲ, ಅಲ್ಲಿ ಹೆಂಗಸರು ಮನೆಯ ಒಳಗಿನಿಂದಲೇ ನರಳುತ್ತಿದ್ದರೇ ಹೊರತು ಪರಗಂಡಸಿನ ಮುಂದೆ ಬಾಯಿ ತೆರೆಯುತ್ತಿರಲಿಲ್ಲ. ಆ ವರ್ಷದಿಂದ ನನ್ನನ್ನೂ ಕರೆದುಕೊಂಡು ಹೋಗತೊಡಗಿದರು. ನಾನು ಒಳಗೆ ಹೋಗಿ ದೀಪ ಹಿಡಿದು ನೋಡುವುದು, ಪರದೆಯಾಚೆ ಕೂತ ಅವರಿಗೆ, "ಕೆಳಗ ಎಡಕ ಐದು, ತುಂಬಿದ್ರ ನಡದೀತು" ಎಂದು ಕೂಗುವುದು. ಕೀಳುವುದೇ ಆದರೆ ನಾನು ಪಕ್ಕದಲ್ಲಿ ಕೂತು ತಲೆ ಹಿಡಿದರೆ ಆಕೆ ಒಪ್ಪುತ್ತಿದ್ದಳು. ಬರಬರುತ್ತ ಜನ ಬಾಗಿಲಿಗೆ ಬಂದು, "ಡಾಕ್ಟರಬಾಯಿ ಅದಾರೇನ್ರಿ?" ಎಂದೇ ಕೇಳಿದರು. ನಮ್ಮವರು ಎದುರಿಗೇ ಕೂತಿದ್ದರೂ. "ಅದಾರ ನೋಡ್ರಿ, ನಾ ಬರೇ ಇಕ್ಕಳ ಹಿಡಿಯಂವ" ಎಂದು ಅವರು ಹೇಳುವ ಧಾಟಿಯಲ್ಲಿ ಸ್ವಲ್ಪ ಖಾರ ಇರುತ್ತಿತ್ತು. ನನಗೆ ಆ ಖಾರ ರುಚಿಸುತ್ತಿತ್ತು.

ಅಕ್ಕನ ಮೇಲಿನ ಹೊಟ್ಟೆಯುರಿ ಅಷ್ಟಕ್ಕೇ ಆರಿತೆಂದು ಹೇಳಲಾರೆ. ಒಮ್ಮೆ ತೊರಗಲ್ಲಿನ ಕಡೆಯ ಒಬ್ಬ ಹೆಂಗಸು ಗಂಡನೊಂದಿಗೆ ಗಾಡಿ ಕಟ್ಟಿಕೊಂಡು ನಮ್ಮಲ್ಲಿಗೆ ಬಂದಳು. ಕೂತವಳೇ ಗಲ್ಲ ಒತ್ತಿಕೊಂಡು, "ಕೆಳಗ ಎಡಕ ಏಳು ಕೀಳಬೇಕ್ರಿ" ಎಂದಳು.

"ಯಾರ್ ಹೇಳಿದ್ರವಾ ನಿನಗ?" ಎಂದೆ.

"ರಾಮದುರ್ಗದಾಗ ಒಬ್ಬರು ಅಕ್ಕಾರು ಅದಾರ್ರೀ. ಓಣ್ಯಾಗ ಯಾರಿಗೆ ಹಲ್ಲು ನೋವಾದ್ರೂ ಅವರ ನೋಡಿ ಹೇಳ್ತಾರ. ನಕ್ರ ಭಾಳ ಚಂದ ಕಾಣ್ತಾರ."

ನಾನು ಅವಳ ತಲೆಯನ್ನು ಬೆಳಕಿಗೆ ವಾಲಿಸಿ ಎಣಿಸಿದೆ. ನಡುಗೆರೆಯಿಂದ ಹಿಂದಕ್ಕೆ ಹೋದೆ. ತಪ್ಪಿರಲಿ ಎಂದು ಮನಸ್ಸು ಒಳಗೇ ಬೇಡುತ್ತಿತ್ತು, ಮತ್ತೊಮ್ಮೆ ಎಣಿಸಿದೆ. ಏಳೇ. ಕೀಳುವ ಹಲ್ಲೇ. ನಮ್ಮವರು ಕಿತ್ತರು. ಅವಳು ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ಗಾಡಿ ಹತ್ತುವ ಮುಂದೆ ನನ್ನ ಕಡೆ ತಿರುಗಿದಳು.

"ಆ ಅಕ್ಕಾರು ಕೇಳಿದ್ರ ಏನ್ ಹೇಳ್ಲಿರಿ?"

"ಬರೊಬ್ಬರಿ ಇತ್ತಂತ ಹೇಳು" ಎಂದೆ. ಗಾಡಿ ಹೊರಟಿತು. ನಾನು ಕಟ್ಟೆಯಿಂದ ಇಳಿದು ಅದರ ಹಿಂದೆ ನಾಲ್ಕು ಹೆಜ್ಜೆ ಓಡಿದೆ.

"ಏಳರ ಹಿಂದ ಎಂಟು ಮೂಡಾಕ ಹತ್ತೈತಿ. ಅವರು ಅದನ್ನ ನೋಡಿಲ್ಲ ಅಂತನೂ ಹೇಳವಾ!"